ಸೋದರತ್ತೆಯ ಮುನಿಸು

ನೆಯಾಫು, ವವಾಉ ದ್ವೀಪ
14 ಆಗಸ್ಟ್ 1998

ಪ್ರೀತಿಯ ಲುಪೆ,

ಆಕ್ಲೆಂಡಿನ ಚಳಿಗೆ ನನ್ನ ತಮ್ಮ ಮೊಸೆಸೆಯ ಕೆಮ್ಮು ಹೇಗಿದೆ? ಹಣ್ಣಿನ ಶೆಡ್ಡಿನಲ್ಲಿ ನಿಂತು ನಿಂತು ನಿನ್ನ ಮೊಣಕಾಲು ಇನ್ನೂ ಊದುತ್ತದೆಯೆ? ನಿನ್ನ ಚಿಕ್ಕ ಹುಡುಗಿಯರು ಅಕನೆಸಿ, ವಿಕಾ ಇಬ್ಬರೂ ಗುಂಡಗಿದ್ದಾರಷ್ಟೆ? ಪ್ರಾರ್ಥನೆಯಲ್ಲಿ ದಿನವೂ ನಿಮ್ಮೆಲ್ಲರ ಹೆಸರು ಹೇಳುತ್ತೇನೆ.

ನಿನ್ನ ಎರಡೂ ಕಾಗದ ಬಂದವು. ಹೆದರಬೇಡ, ನಿನ್ನ ಹಿರಿಮಗಳು ಫುಸಿ ಚೇತರಿಸಿಕೊಂಡಿದ್ದಾಳೆ. ಬಸಿರಿನ ಎರಡನೇ ತಿಂಗಳಿಂದ ಐದು ವಾರ ನೀರು ಕುಡಿದರೂ ಕಕ್ಕುತ್ತಿದ್ದಳು. ಮದುವೆಯ ಉಂಗುರ ಬೆರಳಿನಿಂದ ಜಾರಿ ಬೀಳುತ್ತಿತ್ತು. ಕಾರಣ ಊರಿಗೆಲ್ಲ ಗೊತ್ತಿತ್ತು. ಸೋದರತ್ತೆ ಮುನಿದರೆ ಬಸುರಿಗೆ ಸುಖವುಂಟೆ? ಮದುವೆಯ ದಿನ ಸೋದರತ್ತೆಯ ಗೌರವವೆಂದು ನನಗೆ ಸಲ್ಲಬೇಕಾದ ನಯದ ಚಾಪೆಯನ್ನು ಅವಳು ಗಂಡನ ಸೋದರತ್ತೆಗೆ ಕೊಟ್ಟುಬಿಟ್ಟಿದ್ದಳಲ್ಲ. ನಾನಂತೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಪಕ್ಕದ ಮನೆಯ ಸೆಲು ಬೇಲಿಯಾಚೆಯಿಂದ, “ಏನೇ ಫುಸಿ, ಚಾಪೆ ಯಾರಿಗ್ ಕೊಟ್ಯೋ ಅವ್ಳೇ ಬಂದು ಬಕೆಟ್ ಹಿಡೀಲಿ!” ಅಂತ ಕೂಗಿದಾಗ ನನಗೂ ನಗು ಬಂತು.

ಕೊನೆಗೊಂದು ಭಾನುವಾರ, ಚರ್ಚು ಮುಗಿದ ಮೇಲೆ, ಫುಸಿ ತಪ್ಪೊಪ್ಪುವವರಂತೆ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು ನನ್ನ ಅಂಗಳದಲ್ಲಿ ಬಂದು ಕೂತಳು. ನಾನು ಊಟ ಮುಗಿಸಿ, ಒಂದು ನಿದ್ದೆ ತೆಗೆದು ಎದ್ದೆ. ಇನ್ನೂ ಕೂತೇ ಇದ್ದಳು. ಎರಡು ಸಲ ವಾಂತಿಯಾಗಿತ್ತು.

“ಅತ್ತೇ, ತಪ್ಪಾಯ್ತು. ಇನ್ ತಡ್ಕೊಳಕ್ಕಾಗಲ್ಲ. ನೀವೇನ್ ಕೇಳಿದ್ರೂ ಕೊಡ್ತೀನಿ,” ಅಂದಳು.

“ಚಾಪೆ ಹಳೇದಾಯ್ತು, ಬಿಡೇ. ಈ ಮಗು ನಂಗಿರ್ಲಿ,” ಅಂದೆ.

ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಅತ್ತೆ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಲು ನಮ್ಮಲ್ಲಿ ಯಾರಿಗೆ ಬಾಯಿದೆ? ತಲೆಯಾಡಿಸಿದಳು. ನಾನೂ ತಲೆ ಸವರಿ ಕ್ಷಮಿಸಿದೆ.

ಅಂದಿನಿಂದ ದಿನವೂ ತೆಂಗಿನಹಾಲಿನಲ್ಲಿ ಬಾಳೆಹಣ್ಣು ಕಿವುಚಿ ನಾನೇ ತಿನ್ನಿಸುತ್ತೇನೆ. ವಾರದೊಳಗೆ ವಾಂತಿ ಇಳಿಯಿತು. ಕ್ಷಮೆಯ ಮಹಿಮೆ ಎಂದು ಪಾದ್ರಿಗಳು ಉಪದೇಶದಲ್ಲೂ ಹೇಳಿದರು. ಅವಳು ಹೊಲಿದಿಟ್ಟಿದ್ದ ಪುಟ್ಟ ಅಂಗಿಗಳು ಈಗ ನನ್ನ ಪೆಟ್ಟಿಗೆಯಲ್ಲಿವೆ.

ನಿಮ್ಮೆಲ್ಲರ ಹಿತ ಬಯಸುವ ಅಕ್ಕ,
ಮೆಲೆನೈಟೆ

ಮರೆತಿದ್ದೆ: ಅಲ್ಲಿನ ನರ್ಸಮ್ಮನನ್ನು ಕೇಳಿಕೊಂಡು ನೀನು ಫುಸಿಗೆಂದು, ನಮ್ಮ ಕ್ರಮದಂತೆ ಅತ್ತೆಯಾದ ನನ್ನ ಹೆಸರಿಗೇ, ಕಳಿಸಿದ್ದ ವಾಂತಿ ನಿಲ್ಲಿಸುವ ವಿಟಮಿನ್ ಮಾತ್ರೆ ವಾಂತಿ ಶುರುವಾದ ಮೊದಲ ವಾರವೇ ಮುಟ್ಟಿತ್ತು. ಅವಳು ಮಗುವನ್ನು ಒಪ್ಪಿಕೊಂಡ ದಿನ ಡಬ್ಬಿ ತೆರೆದೆ; ಪುಡಿಮಾಡಿ ಬಾಳೆಹಣ್ಣಿಗೆ ಬೆರೆಸುತ್ತೇನೆ. ಹನ್ನೊಂದೇ ಉಳಿದಿವೆ. ಇನ್ನೊಂದು ಡಬ್ಬಿ ಕಳಿಸು. ಫೋನಿನಲ್ಲಿ ಫುಸಿಗೆ ಬಾಯಿಬಿಡಬೇಡ. ಅಕನೆಸಿಗೂ ವಿಕಾಳಿಗೂ ನಾನೇ ಸೋದರತ್ತೆ. ಅವರೂ ಒಂದು ದಿನ ಬಸುರಿಯಾಗುತ್ತಾರೆ. ಬೇಗ ಉತ್ತರ ಬರಿ.