ಗಿರಾಕಿ ಇಲ್ಲದ ಗುಂಡಿ

ಶನಿವಾರ, ಮಧ್ಯಾಹ್ನ

ಪ್ರೀತಿಯ ತಂಗಿ ಬಿರುಗಾಳಿಗೆ,

ಮನುಕುಲದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಸುದ್ದಿ: ನಮ್ಮ ಸರ್ಕಾರಿ ಪ್ರಯೋಗಾಲಯದ ಕುಂಟು ಕುರ್ಚಿಗೆ ನಾಲ್ಕನೆಯ ಕಾಲು ಮಂಜೂರಾಗಿದೆ! ಅರ್ಜಿ ಹಾಕಿದವರು ನಿವೃತ್ತರಾದರು; ಕಾಲು ಮಾತ್ರ ಗಟ್ಟಿಯಾಗಿದೆ. ಈ ಸಂಭ್ರಮದಲ್ಲಿ ನಿನಗೆ ಬರೆಯುವುದು ತಡವಾಯಿತು, ಕ್ಷಮಿಸು ತಾಯಿ.

ನಿನ್ನ ಖಾಸಗಿ ಕಂಪನಿಯ ರಾಕೆಟ್ಟು ನಮ್ಮ ಕ್ಯಾಮೆರಾವನ್ನು ಒಂದು ಗೀರೂ ಬೀಳದಂತೆ ಚಂದ್ರನಿಗೆ ಮುಟ್ಟಿಸಿತು. ಈ ಹೊಗಳಿಕೆಯನ್ನು ಎರಡನೆಯ ಸಲ ಕೇಳಬೇಡ. ರಾಕೆಟ್ ಸಿಡಿದರೆ ನಮ್ಮಲ್ಲಿ ವಿಚಾರಣಾ ಸಮಿತಿ ಕೂರುತ್ತದೆ; ನಿಮ್ಮಲ್ಲಿ ಪಾಠ ಕಲಿತೆವೆಂದು ಚಪ್ಪಾಳೆ ತಟ್ಟುತ್ತಾರೆ. ಹೋದ ವರ್ಷ ನಿಮ್ಮದೊಂದು ಸಿಡಿದದ್ದನ್ನು ಅಮ್ಮ ಟಿ.ವಿ.ಯಲ್ಲಿ ನೋಡಿ, "ಸಿಡೀಲಿ ಅಂತಲೇ ಬಿಟ್ಟಿದ್ರೇನೋ, ಚೆನ್ನಾಗೇ ಸಿಡೀತು" ಎಂದು ತಾನೂ ತಟ್ಟಿದ್ದಳು.

ಹೋದ ಸಲ ಮನೆಗೆ ಬಂದು ಊಟಕ್ಕೆ ಕೂತಾಗ ನೀನು ಕೇಳಿದ್ದೆಯಲ್ಲ: "ಅಕ್ಕಾ, ಚಂದ್ರನ ಮೇಲೆ ಬಿಸಿಲೇ ಬೀಳದ ಆ ಗುಂಡಿಯೊಳಗೆ ಇಣುಕೋಕೆ ಸರ್ಕಾರ ಯಾಕೆ ದುಡ್ಡು ಸುರೀಬೇಕು? ಗಿರಾಕಿ ಯಾರು, ಹೇಳು?"

"ಗಿರಾಕಿ ಇಲ್ಲದ ಕಡೆಗೂ ಯಾರಾದ್ರೂ ನೋಡ್ಬೇಕಲ್ಲೇ" ಎಂದು ನಾನು ತಟ್ಟೆ ಎತ್ತಿಕೊಂಡು ಎದ್ದಿದ್ದೆ.

ನಿನ್ನೆ ಆ ಗುಂಡಿಯ ಚಿತ್ರ ಬಂತು. ಪರದೆಯ ಮೇಲೆ ಮೊದಲು ಬರೀ ಕತ್ತಲೆ. "ಮುಚ್ಚಳ ತೆಗೆಯೋದು ಮರೆತ್ರೇನಮ್ಮಾ?" ಎಂದರು ನಮ್ಮ ನಿರ್ದೇಶಕರು. ಆಮೇಲೆ ಗೆರೆಗೆರೆಯಾಗಿ ಬೂದು ಬಣ್ಣ ಮೂಡಿತು. ನಕ್ಷತ್ರಗಳ ಬೆಳಕೊಂದನ್ನೇ ಹೀರಿಕೊಂಡು ಬಂದ ಚಿತ್ರ. ತಳದಲ್ಲಿ ಮಂಜುಗಡ್ಡೆ ಕಣೇ! ಸೂರ್ಯನನ್ನೇ ಕಂಡಿರದ ಮಂಜು. ಭೂಮಿಯ ಮೇಲೆ ನೋಡುವ ಕಣ್ಣೊಂದು ಹುಟ್ಟುವ ಮೊದಲಿನಿಂದಲೂ ಅಲ್ಲೇ, ಸುಮ್ಮನೆ ಹಾಸಿಕೊಂಡು ಬಿದ್ದಿದೆ. ಖಾಸಗಿಯವರೆಂದರೆ ಉರಿದುಬೀಳುವ ನಿರ್ದೇಶಕರು ಕನ್ನಡಕ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಫೋನಿನ ಆ ಕಡೆ ನಿಮ್ಮ ಚಪ್ಪಾಳೆ ಪಡೆ ತಟ್ಟುವುದನ್ನೇ ಮರೆತಿತ್ತು. "ಅಕ್ಕಾ..." ಎಂದ ನಿನ್ನ ದನಿಯೊಂದು ಕೇಳಿಸಿತು.

ನೀವು ಹೊತ್ತೊಯ್ಯದಿದ್ದರೆ ನಮ್ಮ ಕ್ಯಾಮೆರಾ ಬೀರುವಿನಲ್ಲೇ ಮುದಿಯಾಗುತ್ತಿತ್ತು. ನಾವು ಹಟ ಹಿಡಿಯದಿದ್ದರೆ ನೀವು ಆ ಗುಂಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇದನ್ನು ನಿರ್ದೇಶಕರ ಮುಂದೆ ಹೇಳಿದರೆ ಕುರ್ಚಿಯ ಕಾಲು ವಾಪಸು ಹೋದೀತು.

ಅಮ್ಮ ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರಾಕೆಟ್ಟುಗಳೆಲ್ಲ ಪಾಠ ಕಲಿಸದೆ ಹಾರಲಿ.

ನಿನ್ನ ಅಕ್ಕ,
ಆಮೆ

ತಾ.ಕ.: ಮುಂದಿನ ತಿಂಗಳು ನಮ್ಮ ವಿಭಾಗ ಮುಚ್ಚುತ್ತದೆ. ಈ ಕೆಲಸ ಇನ್ನು ಕಂಪನಿಗಳಿಗೇ ಬಿಡಬೇಕೆಂದು ಆದೇಶ. ಸಲಹೆ ನಿಮ್ಮ ಕಂಪನಿಯದಂತೆ. ಅವತ್ತು ಊಟಕ್ಕೆ ಕೂತಾಗಲೇ ನಿನಗಿದು ತಿಳಿದಿತ್ತೇ ಎಂದು ನಾನು ಕೇಳುವುದಿಲ್ಲ. ಕೋಣೆ ವಹಿಸಿಕೊಳ್ಳಲು ನಿಮ್ಮವರು ಬರುವಾಗ ನೀನೂ ಬಾ. ಎರಡನೆಯ ಕ್ಯಾಮೆರಾ ಅರ್ಧಕ್ಕೆ ನಿಂತು ಮೇಜಿನ ಮೇಲಿದೆ. ಅದರ ಗಾಜಿಗೆ ದೂಳು ಕೂರಬಾರದು. ಮುಚ್ಚಳ ಕೆಳಗಿನ ಡ್ರಾಯರಿನಲ್ಲಿದೆ. ನನ್ನ ಕೈಯಿಂದ ಆಗುತ್ತಿಲ್ಲ, ನೀನು ಹಾಕಿಬಿಡು.