ಮಣ್ಣು ತಿಂದ ಅಂಗಿ

ಕತ್ತರಿ ಬಿಟ್ಟು ಗುದ್ದಲಿ ಹಿಡಿದೆನೆಂದು ಮುನಿಸಿಕೊಂಡಿರುವ ಅಪ್ಪನಿಗೆ ಮಗಳ ನಮಸ್ಕಾರ.

ಬೈಯಬೇಡಿ, ನೀವು ಹೊಲಿದುಕೊಟ್ಟ ಹತ್ತಿ ಅಂಗಿಯನ್ನು ಎರಡು ತಿಂಗಳ ಹಿಂದೆ ಇಲ್ಲಿ ಹೂತಿದ್ದೆ. ಜೀವವಿರುವ ಮಣ್ಣು ಬಟ್ಟೆ ತಿನ್ನುತ್ತದೆ. ಇಲ್ಲಿಯವರು ಮಣ್ಣಿಗೆ ಮಾಡುವ ಪರೀಕ್ಷೆಯೇ ಅದು. ಗಣಿಯ ಕಸ ಸುರಿದಿದ್ದ ಈ ಗುಡ್ಡದಲ್ಲಿ ಹೋದ ವರ್ಷ ಹೂತ ಬಟ್ಟೆ, ಒಗೆದು ತೊಡುವಂತೆ ಹೊರಬಂದಿತ್ತಂತೆ. ಆಮೇಲೆ ಗೊಬ್ಬರ ಹೊತ್ತೆವು, ಹುಲ್ಲು ಬಿತ್ತಿದೆವು. ಇವತ್ತು ಅಗೆದರೆ ಅಂಗಿಯೇ ಇಲ್ಲ! ನೈಲಾನ್ ದಾರದ ಹೊಲಿಗೆ, ಐದು ಗುಂಡಿ, ಜೊತೆಗೊಂದು ಎರೆಹುಳು. ನಮ್ಮ ಮೇಸ್ತ್ರಿಯಮ್ಮ ಕುಣಿದೇಬಿಟ್ಟರು. "ಯಾರಮ್ಮಾ ಹೊಲಿದಿದ್ದು? ಬಟ್ಟೆ ಹೋದ್ರೂ ಹೊಲಿಗೆ ಜಗ್ಗಿಲ್ಲ!"

"ನಮ್ಮಪ್ಪ" ಎಂದೆ, ಎದೆಯುಬ್ಬಿಸಿ.

ಅಂಗೈಯ ಬೊಬ್ಬೆಗಳು ಒಣಗಿವೆ, ಊಟ ನಿಮ್ಮಷ್ಟೇ ಮಾಡುತ್ತೇನೆ. ಗುಡ್ಡದ ಆಚೆ ಮಗ್ಗುಲು ಇನ್ನೂ ಬೋಳು. ಮುನಿಸು ಇಳಿದಿದ್ದರೆ ಇನ್ನೊಂದು ಅಂಗಿ ಹೊಲಿದು ಕಳುಹಿಸಿ. ಅಳತೆಯ ಚಿಂತೆ ಬೇಡ, ತೊಡುವುದು ಗುಡ್ಡ.