ಲಾವಂಚದ ಹೊಲದ ಎರಡು ಸೀಸೆ

ಗರುಡಾಚಾರ್‌ಪಾಳ್ಯ
11 ಡಿಸೆಂಬರ್ 2002

ನನ್ನ ಮುದ್ದು ಪದ್ದು,

ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ ಅಂತ ಕೋಪವಾ? ಹನ್ನೊಂದು ಜನರ ಮನೆ ಕಣೆ, ಪೆನ್ನು ಹಿಡಿದರೆ ಯಾರಾದರೂ ಪಕ್ಕಕ್ಕೆ ಬಂದು ಕೂರುತ್ತಾರೆ. ಈಗ ಹುಲ್ಲು ನೋಡಿಕೊಂಡು ಬರುತ್ತೇನೆಂದು ಹೇಳಿ ಹೊಲಕ್ಕೆ ಬಂದು ಬರೆಯುತ್ತಿದ್ದೇನೆ. ನಾನು ಒಬ್ಬಳೇ ಬರಬಹುದಾದ ಜಾಗ ಇದೊಂದೇ.

ವಸಂತ್ ಎಷ್ಟು ಒಳ್ಳೆಯವನು ಗೊತ್ತಾ! ಮೊನ್ನೆ ಸ್ಕೂಟರಿನಲ್ಲಿ ಇಂದಿರಾನಗರಕ್ಕೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದ. ಬರುವಾಗ ಮನೆಯವರಿಗೆಲ್ಲ ಪಾರ್ಸೆಲ್. ನಮ್ಮ ರೂಮಿಗೆ ಚಿಲಕವಿಲ್ಲ. ಅತ್ತೆ ಬೆಳಗ್ಗೆ ಐದಕ್ಕೇ ಬಾಗಿಲು ತಳ್ಳಿ ರಾಗಿಹಿಟ್ಟು ತೆಗೆದುಕೊಳ್ಳುತ್ತಾರೆ. "ಹೊಲ ಮಾರಿದ್ರೆ ನಾವಿಬ್ರೇ ಜೀವನ್ ಬಿಮಾ ನಗರದಲ್ಲಿ ಮನೆ ಮಾಡ್ಬಹುದು ಸುಪ್ರೀ" ಅಂದಿದ್ದ ವಸಂತ್. ನಾನಾಗಲೇ ಮನಸ್ಸಿನಲ್ಲಿ ಕರ್ಟನ್ ಬಣ್ಣ ಆರಿಸಿಬಿಟ್ಟಿದ್ದೆ.

ಪಕ್ಕದ ವರ್ಕ್‌ಶಾಪಿನ ಹಳೇ ಎಣ್ಣೆ ಇಳಿದು ಹೊಲ ಕಪ್ಪಾಗಿತ್ತಲ್ಲ, ಎಣ್ಣೆ ಕಳೆದು ಮಣ್ಣು ಚೇತರಿಸಿಕೊಳ್ಳಲಿ ಅಂತ ಮದುವೆಯಾದ ಹೊಸದರಲ್ಲೇ ನಾನು ಇಲ್ಲಿ ಲಾವಂಚದ ಹುಲ್ಲು ನೆಟ್ಟಿದ್ದೆ. ಆರು ತಿಂಗಳು ದಿನಾ ನೀರು ಹಾಯಿಸಿದವರು ಚಿಕ್ಕಮಾವ ಮುನೀಂದ್ರ. ಮಾವನಿಗೆ ಹೊಲ ಮಾರುವ ಆತುರ, ಅದರಲ್ಲಿ ಪಾಲಿರುವ ಚಿಕ್ಕಮಾವನಿಗೆ ಇಷ್ಟವಿಲ್ಲ. ಕೊನೆಗೆ ಅವರು, "ಮಣ್ಣು ಸತ್ತೋಗಿದೆ ಅಂತ ಸುಪ್ರೀತಾ ಹೇಳ್ಲಿ, ಸೈನ್ ಹಾಕ್ತೀನಿ" ಅಂದರು.

ನೀನು ಲ್ಯಾಬಿನಿಂದ ಕಳಿಸಿದ ಪುಡಿ ಕರಗಿಸಿ ಎರಡು ಸೀಸೆ ಮಾಡಿದೆ. ಒಂದರಲ್ಲಿ ಹೊಲದ ಮಣ್ಣು, ಇನ್ನೊಂದರಲ್ಲಿ ಹೋಲಿಕೆಗೆ ಅದೇ ಮಣ್ಣು, ಕುದಿಸಿ ಸಾಯಿಸಿದ್ದು. ಒಲೆ ಮೇಲೆ ಮಣ್ಣು ಕುದಿಯುವುದನ್ನು ನೋಡಿ ಅತ್ತೆ, "ನಮ್ಮ ಸೊಸೆ ಮಣ್ಣಿನ ಸಾರು ಮಾಡ್ತಾವ್ಳೆ, ಬಡಿಸ್ಕೊಳ್ರಪ್ಪಾ" ಅಂದರು. ಚಿಕ್ಕಮಾವನಿಗೆ ಹೇಳಿದೆ: "ಮಣ್ಣಲ್ಲಿ ಜೀವ ಇದ್ರೆ ಅದರ ಕಿಣ್ವಗಳು ಕೆಲಸ ಮಾಡ್ತವೆ, ಸೀಸೆ ಕೆಂಪಗಾಗುತ್ತೆ. ಇಲ್ದಿದ್ರೆ ಬಣ್ಣ ಬರಲ್ಲ." ಕತ್ತಲೆ ಬೇಕಲ್ಲ, ಸೀರೆ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟೆ.

ಭಾನುವಾರ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಸೀಸೆ ತಂದು ಕೊಟ್ಟೆ. ಚಿಕ್ಕಮಾವ ಬೆಳಕಿಗೆ ಹಿಡಿದರು.

"ಒಂಚೂರೂ ಕೆಂಪಿಲ್ವಲ್ಲಮ್ಮಾ."

"ಇಲ್ಲ ಚಿಕ್ಕಮಾವ."

"ನೀನು ಹೇಳಿದ್ಮೇಲೆ ಆಯ್ತು ಬಿಡು. ಓದಿರೋ ಹುಡುಗಿ, ಸುಳ್ಳು ಹೇಳಲ್ಲ."

ಅಲ್ಲೇ ಮಾರಾಟದ ಪತ್ರಕ್ಕೆ ಸೈನ್ ಹಾಕಿದರು.

ನಿನ್ನೆ ಊಟಕ್ಕೆ ಕೂತಾಗ ಮಾವ, "ಇದೇ ಮನೆ ಮೇಲೆ ಮಹಡಿ ಕಟ್ಟಿಸ್ತೀನಿ, ಯಾರೂ ಎಲ್ಲಿಗೂ ಹೋಗೋದು ಬೇಡ" ಅಂದರು. ವಸಂತ್, "ಸರಿ ಅಪ್ಪಾ" ಅಂದ. ನಾನು ಸಾರು ಬಡಿಸಿದೆ.

ನಿನ್ನ ಥೀಸಿಸ್ ಬೇಗ ಮುಗಿಯಲಿ, ನೀನು ಅಂದುಕೊಂಡ ಕಡೆಗೆಲ್ಲ ಹೋಗಿ ಬರುವಂತಾಗಲಿ.

ನಿನ್ನ,
ಸುಪ್ರೀ

ಮ.ಬ.: ಪದ್ದು, ನಾನು ತೋರಿಸಿದ್ದು ಕುದಿಸಿದ ಮಣ್ಣಿನ ಸೀಸೆ. ಇನ್ನೊಂದು ಸೀರೆಗಳ ಅಡಿಯಲ್ಲಿದೆ, ಕುಂಕುಮದಷ್ಟು ಕೆಂಪಗೆ. ಯಾರಿಗೂ ಹೇಳಿಲ್ಲ, ವಸಂತ್‌ಗೂ. ಚಿಕ್ಕಮಾವ ಇವತ್ತೂ ಬಂದಿದ್ದಾರೆ. ಇಲ್ಲೇ, ನನ್ನ ಎದುರಿಗೇ, ಸತ್ತ ಮಣ್ಣಿಗೆ ನೀರು ಹಾಯಿಸುತ್ತಿದ್ದಾರೆ.